ವಯಸ್ಸು ಕೇಳಿ ಪುಸ್ತಕ ಹೇಳುತ್ತಿದ್ದ ಮಾಸ್ತರರು

ಪುಸ್ತಕ ಮಾರುವವನಿಗೆ ಮೊದಲು ಗಿರಾಕಿಯ ಮುಖ ಓದಲು ಬರಬೇಕು, ಪುಸ್ತಕ ಆಮೇಲೆ. ಐವತ್ತು ದಾಟಿದವರ ಕೈಗೆ ದಪ್ಪ ಪುಸ್ತಕ ಕೊಡಬೇಡಿ, ಅವರು ಅದನ್ನು ಓದುವುದಿಲ್ಲ, ತೂಗಿ ನೋಡುತ್ತಾರೆ. ಮಗು ಓದಲಿ ಎಂದಿದ್ದರೆ ಮುಟ್ಟಬೇಡ ಎಂದು ಗದರಿಸಿ ಅದರ ಕೈಗೆ ಎಟುಕುವ ಕಡೆ ಇಡಿ. ಹೊಸದಾಗಿ ಲಗ್ನವಾದವರಿಗೆ ಏನನ್ನೂ ಕೊಡಬೇಡಿ, ಒಂದು ವರ್ಷ ಹೋಗಲಿ. ಈ ಬುದ್ಧಿಯೆಲ್ಲ ನನಗೆ ಬಂದದ್ದು ಒಬ್ಬ ಮಾಸ್ತರರಿಂದ. ಅವರು ಬಾಯಿಬಿಟ್ಟು ಹೇಳಿಕೊಟ್ಟದ್ದು ಸ್ವಲ್ಪ. ಅವರು ಕೆಡಿಸಿದ್ದನ್ನು ನೋಡಿ ಕಲಿತದ್ದು ಹೆಚ್ಚು.

ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಬೈಲಹೊಂಗಲದಲ್ಲೇ ಇದ್ದಾರೆ, ನನ್ನ ಅಂಗಡಿಯ ಮುಂದೆಯೇ ಸಂತೆಗೆ ಹೋಗುತ್ತಾರೆ. ಆ ಕಾಲದಲ್ಲಿ ಸವದತ್ತಿ, ಕಿತ್ತೂರು, ರಾಮದುರ್ಗದ ಕಡೆ ಸಾಲೆ ಕಲಿತವರಿಗೆ ಹೆಸರಿಲ್ಲದೆಯೂ ಗುರುತು ಹತ್ತುತ್ತದೆ. ಬಿಳಿ ಟೆರಿಕಾಟ್ ಅಂಗಿ, ಲೂನಾ ಗಾಡಿ, ಹೆಗಲಿಗೆ ಖಾದಿ ಚೀಲ, ಚೀಲದ ತುಂಬ ಗಿಡ, ನೀರು, ಗುಬ್ಬಿ, ಗೊಬ್ಬರ ಎಂದು ಬರೆದ ಪುಸ್ತಕಗಳು. ಪಾಠ ಹೇಳುತ್ತಿದ್ದದ್ದು ಸವದತ್ತಿಯ ಹೈಸ್ಕೂಲಿನಲ್ಲಿ, ಮನೆ ಮಾಡಿದ್ದು ಬೈಲಹೊಂಗಲದಲ್ಲಿ.

ತೊಂಬತ್ತರ ದಶಕದ ಆರಂಭ. ನಮ್ಮ ಅಬ್ಬಾ ಟಾಂಗಾ ಹೊಡೆದು ಹೊಡೆದು ಕುದುರೆಯ ಜೊತೆಗೇ ಮುಗಿದುಹೋಗಿದ್ದರು. ನಾನು ಕೈಗಾಡಿ ತಳ್ಳಿಕೊಂಡು ಮನೆಮನೆಗೆ ರದ್ದಿ ಕೊಳ್ಳುತ್ತಿದ್ದೆ. ಒಂದು ದಿನ ಈ ಮಾಸ್ತರರು ಲೂನಾ ನಿಲ್ಲಿಸಿ ತಕ್ಕಡಿಯಲ್ಲಿದ್ದ ಒಂದು ಪುಸ್ತಕ ಎಳೆದರು. ಕಾಡಿನ ಚಿತ್ರಗಳಿದ್ದ ಮಕ್ಕಳ ಪುಸ್ತಕ, ಹೊಸದರ ಹಾಗೇ ಇತ್ತು.

“ಇದು ಯಾರ ಮನೀದು?”

“ಅಗೋ, ಆ ನೀಲಿ ಬಾಗಲದ ಮನೀದರಿ.”

“ಬಾ ನನ್ನ ಜೋಡಿ.”

ಆ ಮನೆಯ ಯಜಮಾನ ಕಚೇರಿಯ ಗುಮಾಸ್ತ. ಮಕ್ಕಳ ಜೊತೆ ಊಟಕ್ಕೆ ಕುಳಿತಿದ್ದ. ಮಾಸ್ತರರು ಹೊಸ್ತಿಲ ಹೊರಗೇ ನಿಂತು ಪುಸ್ತಕ ಎತ್ತಿ ತೋರಿಸಿದರು.

“ಗಿಡ ಕಡದು ಕಾಗದ ಮಾಡ್ಯಾರ. ಕಾಗದದ ಮ್ಯಾಲ ಗಿಡ ಉಳಸ್ರಿ ಅಂತ ಬರದಾರ. ಅದನ್ನ ನೀವು ತೂಕಕ್ಕ ಹಾಕೀರಿ. ನಾಳೆ ನಿಮ್ಮ ಮಗಾ ನಿಮ್ಮನ್ನ ಯಾವುದಕ್ಕ ಹಾಕತಾನ ನೋಡ್ಕೋರಿ.”

ಗುಮಾಸ್ತನ ಬಾಯಿಯ ತುತ್ತು ಬಾಯಲ್ಲೇ ನಿಂತಿತು. ಮಕ್ಕಳು ಅಪ್ಪನ ಮುಖ ನೋಡಿದವು. ಮಾಸ್ತರರು ಆಗಲೇ ಲೂನಾ ಹತ್ತಿದ್ದರು. ಆ ಮನೆಯ ರದ್ದಿ ನನಗೆ ಅಂದಿಗೇ ಬಂದ್ ಆಯಿತು. ಆದರೆ ಸಂಜೆ ಅವರು ನನ್ನನ್ನು ಹುಡುಕಿಕೊಂಡು ಬಂದು, “ಇಂಥಾವನ್ನ ತೂಗಬ್ಯಾಡ, ಮಾರು. ಯಾರಿಗೆ ಮಾರಬೇಕು ನಾ ಹೇಳತೇನಿ” ಎಂದರು. ಹೇಳಿದರು ಕೂಡ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ ನಿಂತದ್ದು ಅವರ ನಾಲಗೆಯ ಬಲದ ಮೇಲೆ. ಅದೇ ನಾಲಗೆ ಎಷ್ಟು ಜನರನ್ನು ಕೊಯ್ದಿತೆಂಬುದನ್ನೂ ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಅವರ ಮನೆಯ ಮುಂಗೋಡೆಗೆ ಕರಿ ಬಣ್ಣ ಬಳಿದ ಹಲಗೆಯಂಥ ಜಾಗವಿತ್ತು. ತಿಂಗಳಿಗೊಮ್ಮೆ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಪುಸ್ತಕಗಳ ಹೆಸರು ಬರೆಯುತ್ತಿದ್ದರು. ಹಾಲುಹಲ್ಲಿನವರಿಗೆ ಇದು, ಸಾಲಿ ಹುಡುಗರಿಗೆ ಇದು, ಮೀಸಿ ಮೂಡುವವರಿಗೆ ಇದು, ಒಲಿ ಮುಂದಿನವರಿಗೆ ಇದು, ಹೊಲದವರಿಗೆ ಇದು, ಊರುಗೋಲು ಹಿಡಿದವರಿಗೆ ಇದು. ಎಲ್ಲವೂ ಪರಿಸರದ್ದೇ. ಗುಬ್ಬಿಗೆ ಗೂಡು ಮಾಡಿಕೊಡುವ ಚಿತ್ರದ ಪುಸ್ತಕದಿಂದ ಹಿಡಿದು ಎರೆಹುಳು ಗೊಬ್ಬರದ ಪುಸ್ತಕದವರೆಗೆ. ಬಂದವರನ್ನು ಅವರು ಎರಡೇ ಪ್ರಶ್ನೆ ಕೇಳುತ್ತಿದ್ದರು. ಒಂದು, ವಯಸ್ಸೆಷ್ಟು. ಇನ್ನೊಂದು, ನಿನ್ನೆ ಏನು ಚೆಲ್ಲಿದಿರಿ. ಎರಡನೆಯದಕ್ಕೆ ಜನ ತಡವರಿಸುತ್ತಿದ್ದರು. ಅನ್ನ ಚೆಲ್ಲಿದೆ ಎಂದವರಿಗೆ ಒಂದು, ನೀರು ಎಂದವರಿಗೆ ಒಂದು, ಏನೂ ಚೆಲ್ಲಿಲ್ಲ ಎಂದವರಿಗೆ ಮಾತ್ರ ಪುಸ್ತಕವಿಲ್ಲ, ಬೈಗುಳ. “ಸುಳ್ಳ ಹೇಳಾವ್ರಿಗೆ ನನ್ನ ಕಡೆ ಪುಸ್ತಕ ಇಲ್ಲ.”

ಅವರ ಆಯ್ಕೆ ಮಾತ್ರ ಕರಾರುವಾಕ್ಕು. ಅದನ್ನು ಒಪ್ಪಲೇಬೇಕು. ಅವರು ಹೇಳಿದ ಬಾವಿಯ ಕತೆಯ ಪುಸ್ತಕ ಓದಿದ ಒಂದು ಹುಡುಗಿ ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟು ಹಟ ಹಿಡಿದು, ಕಸ ತುಂಬಿದ್ದ ಓಣಿಯ ಬಾವಿಯ ಹೂಳನ್ನು ಅಪ್ಪನಿಂದ ಎತ್ತಿಸಿದ್ದುಂಟು. ನನ್ನಿಂದ ಅವರು ಏನನ್ನೂ ಮುಟ್ಟಲಿಲ್ಲ. ಚಹಾ ಹೇಳಲೇ ಎಂದರೆ, “ಬ್ಯಾಡಪಾ ಸಾಹೇಬ. ನಿನ್ನ ಚಹಾ ಕುಡದ್ರ ನಾಳೆ ನಿನ್ನ ಸುಮಾರ ಪುಸ್ತಕಾನೂ ಛಲೋ ಅನಬೇಕಾಗತೈತಿ” ಎನ್ನುತ್ತಿದ್ದರು.

ಆದರೆ ಪುಸ್ತಕ ಕೊಡುವ ಕೈ ಮತ್ತು ಹೊಡೆಯುವ ಕೈ ಅವರಲ್ಲಿ ಒಂದೇ ಆಗಿತ್ತು. ಹೊಸ ಜೋಡಿಯೊಂದು ಕಾಲಿಗೆ ಬೀಳಲು ಬಂದಿತ್ತು, ಗಂಡು ಅವರ ಹಳೆಯ ವಿದ್ಯಾರ್ಥಿ. ಮದುಮಗಳ ಕೈಯ ಮದರಂಗಿ ಇನ್ನೂ ಆರಿರಲಿಲ್ಲ. ಮಾಸ್ತರರು ಅವಳನ್ನು ಕೇಳಿದರು, “ತವರಮನ್ಯಾಗ ಜಳಕಕ್ಕ ಎಷ್ಟ ಕೊಡ ನೀರ ಸುರೂತಿದ್ದಿ?” ಹುಡುಗಿ ನಾಚಿಕೊಂಡು ಎಷ್ಟೋ ಹೇಳಿತು. “ನಿನ್ನ ಸಾಕಾಕ ಗಂಡ ಸಾಲೂದಿಲ್ಲವಾ, ಮಲಪ್ರಭಾ ಹೊಳೀನ ಬೇಕು” ಎಂದು ನೀರಿನ ಪುಸ್ತಕ ಮಡಿಲಿಗೆ ಹಾಕಿದರು. ಎಲ್ಲರೂ ನಕ್ಕರು. ಹುಡುಗಿಯ ಕಣ್ಣು ತುಂಬಿತ್ತು.

ಇನ್ನೊಮ್ಮೆ ಚಚಡಿಯ ಕಡೆಯ ಒಬ್ಬ ಮುದುಕರು ನನ್ನ ಅಂಗಡಿಗೇ ಬಂದರು. ಹೆಂಡತಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. “ಹೊತ್ತ ಹೋಗವಲ್ದರಿ ಮಾಸ್ತರ. ಯಾವುದರ ಒಂದು ಪುಸ್ತಕ ಹೇಳ್ರಿ” ಎಂದರು. ಮಾಸ್ತರರು ಹಳೆಯ ಮರಗಳ ಬಗ್ಗೆ ಇದ್ದ ಪುಸ್ತಕ ತೆಗೆದುಕೊಟ್ಟು, “ಇದರಾಗ ನಿಮಗಿಂತ ಹತ್ತ ಪಟ್ಟ ವಯಸ್ಸಾದ ಗಿಡಾ ಅದಾವ. ಒಂದೂ ಹೊತ್ತ ಹೋಗವಲ್ದು ಅಂದಿಲ್ಲ” ಎಂದರು. ಮುದುಕರು ಪುಸ್ತಕವನ್ನು ಎರಡೂ ಕೈಯಿಂದ ಮೆಲ್ಲಗೆ ಮೇಜಿನ ಮೇಲಿಟ್ಟು, ರುಮಾಲು ಸರಿಮಾಡಿಕೊಂಡು ಹೊರಟುಹೋದರು. ಪುಸ್ತಕ ಹೇಳುವವರಿಗೆ ನನ್ನ ಒಂದು ಸಲಹೆ: ಒಂಟಿ ಮನುಷ್ಯ ಪುಸ್ತಕ ಕೇಳಿದರೆ ಅವನು ಪುಸ್ತಕ ಕೇಳುತ್ತಿಲ್ಲ. ಕುಳ್ಳಿರಿಸಿ ಮಾತಾಡಿಸಿ. ಪುಸ್ತಕ ಮರುದಿನ ಮಾರಬಹುದು.

ಇನ್ನು ಅವರ ಹೆಂಡತಿ. ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ರಾಮದುರ್ಗದ ನೇಕಾರರ ಮನೆಯ ಮಗಳು, ಏಳನೆಯ ಇಯತ್ತೆ ಕಲಿತವರು. ಮಕ್ಕಳಾಗಲಿಲ್ಲ. ಕೈ ಸುಮ್ಮನಿರದ ವಂಶ, ಮಗ್ಗವಿಲ್ಲದ ಮನೆ. ಆಗ ಹೆಂಗಸರಲ್ಲಿ ಬಣ್ಣದ ಪ್ಲಾಸ್ಟಿಕ್ ವಾಯರಿನಿಂದ ಚೀಲ, ನಮ್ಮ ಕಡೆಯ ಮಾತಿನಲ್ಲಿ ಪಿಶವಿ, ಹೆಣೆಯುವ ಹುಚ್ಚು ಎದ್ದಿತ್ತು. ವೈನಿ ಅದನ್ನು ಹಿಡಿದರು. ಮಧ್ಯಾಹ್ನ ಅವರ ಮನೆಯ ಕಟ್ಟೆ ತುಂಬ ಓಣಿಯ ಹೆಂಗಸರು, ನಡುವೆ ಕೆಂಪು, ಬಿಳಿ, ಹಸಿರು ವಾಯರಿನ ಸಿಂಬೆಗಳು. ವೈನಿ ಹೆಣೆದ ಚೀಲದಲ್ಲಿ ವಾಯರಿನಲ್ಲೇ ಗಿಳಿ ಮೂಡುತ್ತಿತ್ತು, ಒಳಗೊಂದು ಹೊರಗೊಂದು, ಗಂಟು ಕಾಣುತ್ತಿರಲಿಲ್ಲ. ನನ್ನ ಅಂಗಡಿಯ ಮೊಳೆಗೆ ತೂಗಹಾಕುತ್ತಿದ್ದೆ, ಪುಸ್ತಕ ಕೇಳಲು ಬಂದವರು ಚೀಲ ಒಯ್ಯುತ್ತಿದ್ದರು. ಒಮ್ಮೆ ವೈನಿ ಹೇಳಿದ್ದರು, “ಇದೊಂದಕ್ಕ ಯಾರನ್ನೂ ಕೇಳಬೇಕಾಗಿಲ್ರಿ ಸಾಹೇಬರ. ಯಾವ ಪುಸ್ತಕಾನೂ ತೆರೀಬೇಕಾಗಿಲ್ಲ. ಕೈ ತಾನ ಹೇಳತೈತಿ.”

ವ್ಯಾಪಾರಿಯ ಕಣ್ಣಿನಿಂದ ಹೇಳುತ್ತೇನೆ. ಸಂತೆಯಲ್ಲಿ ಆಗತಾನೆ ಉಸಿರು ಬಿಟ್ಟರೆ ಹಾರಿಹೋಗುವ ತೆಳು ಕ್ಯಾರಿಬ್ಯಾಗು ಬರತೊಡಗಿದ್ದವು. ವೈನಿಯ ಚೀಲ ಕೈಯಲ್ಲಿದ್ದ ಹೆಂಗಸು ಕ್ಯಾರಿಬ್ಯಾಗು ಕೇಳುತ್ತಿರಲಿಲ್ಲ. ಒಮ್ಮೆ ಒಯ್ದರೆ ಮಗಳ ಲಗ್ನದವರೆಗೆ ಬಾಳುವ ಮಾಲು ಅದು. ಇದನ್ನು ಮಾಸ್ತರರಿಗೆ ಹೇಳಿಯೂ ನೋಡಿದೆ. “ನೀ ಪುಸ್ತಕ ಮಾರು, ನನಗ ಪಾಠ ಹೇಳಬ್ಯಾಡ” ಎಂದರು.

ಕೇಡು ಬಂದದ್ದು ಕಿತ್ತೂರಿನ ಒಂದು ಸಭೆಯಲ್ಲಿ. ಊರೂರಿನ ಸಾಲೆಯ ಕಪಾಟಿಗೆ ಯಾವ ಪರಿಸರ ಪುಸ್ತಕ ಕೊಳ್ಳಬೇಕು ಎಂದು ಮಾಸ್ತರರು ಹೇಳುವ ಸಭೆ. ರೈತರೂ ಬಂದಿದ್ದರು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಕಳಿಸುವ ಒಬ್ಬ ರೈತ ಎದ್ದು, ಕಬ್ಬು ಕಡಿದ ಮೇಲೆ ಉಳಿಯುವ ರವದಿ, ಅಂದರೆ ಒಣ ಎಲೆ, ಸುಡದೆ ಬೇರೆ ದಾರಿಯಿಲ್ಲ ಎಂದ. ಮಾಸ್ತರರು ಒಂದು ಕ್ಷಣವೂ ತಡೆಯಲಿಲ್ಲ.

“ನಿನ್ನ ಹೊಲದಾಗಿನ ಎರೆಹುಳ ನಿನಗಿಂತ ಶಾಣ್ಯಾ ಐತಿ ತಮ್ಮಾ. ಅದು ಅನ್ನ ಸುಡಂಗಿಲ್ಲ.”

ಸಭೆ ಹೋ ಎಂದು ನಕ್ಕಿತು. ರೈತ ಕೂರಲಿಲ್ಲ. ನಗು ನಿಲ್ಲುವ ತನಕ ಕಾದು, ಬಹಳ ಸಾವಕಾಶವಾಗಿ ಕೇಳಿದ.

“ಆತರಿ ಮಾಸ್ತರ, ನಾ ಎರೆಹುಳಕ್ಕಿಂತ ದಡ್ಡ. ನಿಮ್ಮ ಪುಸ್ತಕ ಓದಿ ಶಾಣ್ಯಾ ಆಗತೇನಿ. ಆದ್ರ ನಿಮ್ಮ ಮನಿ ಕಟ್ಟೀ ಮ್ಯಾಲಿಂದ ಇಡೀ ಬೈಲಹೊಂಗಲಕ್ಕ ಪ್ಲಾಸ್ಟಿಕ್ ಪಿಶವಿ ಹೋಗತಾವಲ್ಲರಿ, ಅದಕ್ಕ ಯಾವ ಪುಸ್ತಕ? ಎಷ್ಟ ವಯಸ್ಸಿನವ್ರು ಓದಬೇಕು?”

ಈ ಸಲದ ನಗು ಬೇರೆ ಇತ್ತು. ಮಾಸ್ತರರು ಪುಸ್ತಕಗಳನ್ನು ಚೀಲಕ್ಕೆ ತುರುಕಿ ಹೊರಟರು. ನಾನು ಲೂನಾದ ಹಿಂದೆ ಕುಳಿತಿದ್ದೆ, ಅವರು ದಾರಿಯ ಒಂದು ತಗ್ಗನ್ನೂ ತಪ್ಪಿಸಲಿಲ್ಲ. ನಗಿಸಿ ಅಭ್ಯಾಸವಿದ್ದವನಿಗೆ ನಗೆಪಾಟಲಾಗುವುದು ವಿಷ. ಅಂಥವನ ಮನೆಯವರು ಆ ವಾರ ಹುಷಾರಾಗಿರಬೇಕು.

ವೈನಿಗೆ ಆ ಸಭೆಯ ಸುದ್ದಿ ಗೊತ್ತಾಗಲಿಲ್ಲ. ಕೆಲವು ದಿನಗಳ ಮೇಲೆ ಸವದತ್ತಿಯ ಹೈಸ್ಕೂಲಿನಲ್ಲಿ ಪರಿಸರ ದಿನದ ಪ್ರದರ್ಶನವಿತ್ತು. ಅಂದು ಮುಂಜಾನೆ ಮಾಸ್ತರರು, “ನಿನ್ನ ಪಿಶವಿ ಎಲ್ಲಾ ಕೊಡು, ಪ್ರದರ್ಶನಕ್ಕ ಇಡತೇನಿ” ಎಂದರಂತೆ. ಲಗ್ನವಾದಾಗಿನಿಂದ ಗಂಡ ತನ್ನ ಕೈಕೆಲಸದ ಬಗ್ಗೆ ಬಾಯಿ ತೆರೆದದ್ದೇ ಅಂದು. ವೈನಿ ಗಿಳಿಯ ಚೀಲವನ್ನು ಸೆರಗಿನಿಂದ ಒರೆಸಿಕೊಟ್ಟರು. ಆಮೇಲೆ ಇಳಕಲ್ ಸೀರೆ ಉಟ್ಟು, ಕಟ್ಟೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು, ಬಸ್ಸು ಹಿಡಿದು ತಾವೂ ಸವದತ್ತಿಗೆ ಬಂದರು. ನಾನು ಅಲ್ಲಿ ಪುಸ್ತಕದ ಮಳಿಗೆ ಹಾಕಿದ್ದೆ. “ಎಲ್ಲೆದಾವ್ರಿ ಸಾಹೇಬರ ನನ್ನ ಪಿಶವಿ?” ಎಂದು ನಗುತ್ತ ಕೇಳಿದರು. ನಾನು ಕೊನೆಯ ಮೇಜಿನ ಕಡೆ ಕೈ ತೋರಿಸಿದೆ.

ಸಾಲಾಗಿ ಮೇಜು ಹಾಕಿ ವಯಸ್ಸಿನ ಪ್ರಕಾರ ಪುಸ್ತಕ ಜೋಡಿಸಿದ್ದರು. ಕೊನೆಯ ಮೇಜಿನ ಮೇಲೆ ಹರಿದ ಚಪ್ಪಲಿ, ಗುಟ್ಕಾ ಚೀಟಿ, ಒಡೆದ ಬಕೀಟು, ನಡುವೆ ವೈನಿಯ ಚೀಲಗಳು. ಮೇಲೆ ದಪ್ಪ ಅಕ್ಷರದ ರಟ್ಟು: ಇವು ಬೇಡ. ಕೆಳಗೆ ಚೀಲ ಹೆಣೆದವರ ಹೆಸರು, ಮಾಸ್ತರರ ಹೆಂಡತಿ ಎಂದೂ ಸೇರಿಸಿ.

ಮಾಸ್ತರರು ಮೈಕು ಹಿಡಿದು, “ಸುಧಾರಣೆ ಮನೆಯಿಂದಲೇ ಆರಂಭವಾಗಬೇಕು” ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡಿದರು. ಗಿಳಿಯ ಚೀಲ ಎತ್ತಿ ಎಲ್ಲರಿಗೂ ತೋರಿಸಿ ಕತ್ತರಿ ಹಾಕಿದರು. ಕತ್ತರಿ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ಹುಡುಗರು ಕಿಸಕ್ಕೆಂದರು. ಕೊನೆಗೆ ಜವಾನನಿಂದ ಬೇಲಿ ಕತ್ತರಿಸುವ ದೊಡ್ಡ ಕತ್ತರಿ ತರಿಸಿ, ಹಲ್ಲು ಕಚ್ಚಿ, ಗಿಳಿಯ ಕತ್ತಿನ ಹತ್ತಿರ ಕತ್ತರಿಸಿದರು. ಚಪ್ಪಾಳೆ ಬಿದ್ದಿತು. ವೈನಿಯ ಜೊತೆ ಬಂದ ಹೆಂಗಸರು ತಲೆ ತಗ್ಗಿಸಿದರು. ವೈನಿ ತಗ್ಗಿಸಲಿಲ್ಲ. ಕತ್ತರಿ ಎಲ್ಲಿ ಬಿದ್ದಿತೋ ಅಲ್ಲೇ ನೋಡುತ್ತಿದ್ದರು.

ವಾರದೊಳಗೆ ವೈನಿ ನನ್ನ ಅಂಗಡಿಗೆ ಬಂದರು. ಮೊಳೆಗೆ ಉಳಿದಿದ್ದ ಚೀಲಗಳ ಕಡೆ ನೋಡಲೂ ಇಲ್ಲ.

“ಸಾಹೇಬರ, ಇವರು ಹೇಳೂ ಪುಸ್ತಕ ಎಲ್ಲಾ ಕೊಡ್ರಿ.”

“ಯಾವ ವಯಸ್ಸಿಂದರಿ ವೈನಿ?”

“ಎಲ್ಲಾ ವಯಸ್ಸಿಂದೂ.”

ಓದಿದರು. ಬೆರಳಿಟ್ಟು, ಅಕ್ಷರ ಕೂಡಿಸಿ, ಒಂದನ್ನೂ ಬಿಡದೆ ಓದಿದರು. ಇಷ್ಟೂ ತಾಲೂಕುಗಳಲ್ಲಿ ಮಾಸ್ತರರು ಹೇಳಿದ ಪುಸ್ತಕಗಳನ್ನೆಲ್ಲ ಓದಿದ ಮನುಷ್ಯರು ಅವರೊಬ್ಬರೇ ಎಂದು ನನ್ನ ನಂಬಿಕೆ. ಓದಿ, ಬರೆದ ಹಾಗೆ ಮಾಡತೊಡಗಿದರು.

ಮೊದಲು ಪ್ಯಾಕೆಟ್ ಹಾಲು ಹೋಯಿತು, ಅದರ ಹಿಂದೆ ಚಹಾಪುಡಿ. ಮಾಸ್ತರರಿಗೆ ಜೀರಿಗೆ ಕಷಾಯ ಬಂತು. ಸಾಬೂನು ಹೋಗಿ ಅಂಟವಾಳಕಾಯಿ ಬಂತು. ಬಿಳಿ ಟೆರಿಕಾಟ್ ಅಂಗಿಗಳು ಹಳೆಯ ಗೋಡೆಯ ಬಣ್ಣಕ್ಕೆ ತಿರುಗಿದವು. ಚೈತ್ರದ ಬಿಸಿಲಲ್ಲಿ ಫ್ಯಾನು ನಿಂತಿತು. ರಾತ್ರಿ ಉಳಿದದ್ದೇ ಬೆಳಗಿನ ನಾಷ್ಟಾ. ಮಧ್ಯವಯಸ್ಸಿನವರು ನಡೆಯಬೇಕು ಎಂದು ಒಂದು ಪುಸ್ತಕದಲ್ಲಿತ್ತು, ಲೂನಾ ಮೂಲೆ ಸೇರಿತು. ಇದೆಲ್ಲ ಜಗಳವಿಲ್ಲದೆ ನಡೆಯಿತು. ಮಾಸ್ತರರು ಒಂದು ಮಾತು ಎತ್ತಿದರೆ, ವೈನಿ ಬಂದವರ ಮುಂದೆಯೇ ಪುಸ್ತಕ ತೆರೆದು ಬೆರಳಿಟ್ಟು, “ಹಿಂಗ ಬರದೈತಲ್ಲರಿ. ಸುಳ್ಳೇನ್ರಿ ಇದು?” ಎಂದು ವಿನಯದಿಂದ ಕೇಳುತ್ತಿದ್ದರು. ಸುಳ್ಳು ಎನ್ನುವ ಹಾಗಿಲ್ಲ, ಹಲಗೆಯ ಮೇಲೆ ಅವರೇ ಬರೆದ ಹೆಸರು.

ಸುದ್ದಿ ಹಬ್ಬಿ ಸಾಲೆಯ ಹುಡುಗರನ್ನು ಕರೆತಂದು ಈ ಮನೆ ತೋರಿಸತೊಡಗಿದರು. ವೈನಿ ಒಂದೊಂದಾಗಿ ವಿವರಿಸುತ್ತಿದ್ದರು, ಮಾಸ್ತರರು ಪಕ್ಕದಲ್ಲಿ ನಿಂತು ನಗಬೇಕಾಗಿತ್ತು. ಒಮ್ಮೆ ನಾನಿದ್ದಾಗಲೇ ಒಬ್ಬ ಹುಡುಗಿ ಕೇಳಿದಳು, “ಅಮ್ಮಾರ, ನಿಮ್ಮ ಮನ್ಯಾಗ ಪ್ಲಾಸ್ಟಿಕ್ ಏನೂ ಇಲ್ಲೇನ್ರಿ?”

“ಇವರ ಹಲ್ಲಿನ ಸೆಟ್ ಒಂದ ಉಳದೈತವಾ” ಎಂದರು ವೈನಿ. “ಅದಕ್ಕ ಯಾವ ಪುಸ್ತಕ ಹೇಳತಾರ ನೋಡೂಣು.”

ಹುಡುಗರು ಉರುಳಾಡಿ ನಕ್ಕವು. ಮಾಸ್ತರರು ತುಟಿ ಮುಚ್ಚಿಕೊಂಡರು.

ನನ್ನ ಅಂಗಡಿಯಲ್ಲಿ ಎಂದೂ ಚಹಾ ಮುಟ್ಟದಿದ್ದವರು ಆಗ ಬಸ್ಸಿನಿಂದ ಇಳಿದು ಸೀದಾ ಬರತೊಡಗಿದರು. ಪುಸ್ತಕದ ರ್‍ಯಾಕಿನ ಹಿಂದೆ ಕುಳಿತು, “ಒಂದ ಚಹಾ ಹೇಳಪಾ ಸಾಹೇಬ. ಹಾಲ ಜಾಸ್ತಿ ಹಾಕಾಕ ಹೇಳು” ಎನ್ನುತ್ತಿದ್ದರು. ಕುಡಿಯುವಾಗ ಕಣ್ಣು ಮುಚ್ಚುತ್ತಿದ್ದರು.

ನಾನು ಮಧ್ಯಸ್ಥಿಕೆಗೆ ಇಳಿದೆ. ಜಾಗದ ತಂಟೆ, ದಾಯಾದಿ ಜಗಳ, ಮಾತು ಮುರಿದ ಲಗ್ನ, ಎಲ್ಲವನ್ನೂ ಕೂಡಿಸಿದವನು. ಚೌಕಾಸಿಯ ಗುಟ್ಟು ಏನೆಂದರೆ ಎರಡೂ ಕಡೆಯವರಿಗೆ ಬೇರೆ ಬೇರೆ ವಸ್ತು ಬೇಕಾಗಿರುತ್ತದೆ, ಅದನ್ನು ಅದಲುಬದಲು ಮಾಡಿದರೆ ಮುಗಿಯಿತು. ಗಂಡನಿಗೆ ಚಹಾ ಬೇಕು. ಹೆಂಡತಿಗೆ ಒಂದು ಮಾತು ಬೇಕು.

ವೈನಿ ಸ್ಪಷ್ಟವಾಗಿ ಹೇಳಿದರು. “ತಪ್ಪಾತು ಅನ್ಲಿ. ಅದ ಸಾಲ್ಯಾಗ, ಅದ ಮೈಕಿನ್ಯಾಗ.”

ಮಾಸ್ತರರು, “ಮನ್ಯಾಗ ಹೇಳತೇನಿ” ಎಂದರು.

ಅದನ್ನು ಒಯ್ದು ಮುಟ್ಟಿಸಿದೆ. “ಮನ್ಯಾಗ ಕತ್ತರಿಸಿದ್ರೇನ್ರಿ ಸಾಹೇಬರ?” ಎಂದರು ವೈನಿ.

ಅರಿವೆಯ ಚೂರಿನಿಂದ ಹೆಣೆಯಲಿ, ನಾನೇ ಸಾಮಾನು ತರಿಸಿಕೊಡುತ್ತೇನೆ ಎಂದು ಮಾಸ್ತರರು ಇನ್ನೊಂದು ಮೆಟ್ಟಿಲು ಇಳಿದರು. ವೈನಿ ಕಷಾಯಕ್ಕೆ ಜೀರಿಗೆ ಹುರಿಯಲು ಎದ್ದುಹೋದರು. ವರ್ಷಗಳು ಹೋದವು. ಹೆಂಗಸರು ಕಟ್ಟೆಗೆ ಬರುವುದು ಬಿಟ್ಟರು. ಸಂತೆ ತುಂಬ ಕ್ಯಾರಿಬ್ಯಾಗು ಆದವು.

ಮಾಸ್ತರರ ನಿವೃತ್ತಿ ಬಂತು. ಬೀಳ್ಕೊಡುಗೆ ಅದೇ ಸಾಲೆಯಲ್ಲಿ. ನಾನು ಪಟ್ಟು ಹಿಡಿದೆ. “ಒಂದ ವಾಕ್ಯ ಮಾಸ್ತರ. ಹೊಗಳಿಕೀ ನಡುವ ಸೇರಿಸಿಬಿಡ್ರಿ, ಯಾರಿಗೂ ಅರಿವಾಗೂದಿಲ್ಲ. ವೈನಿಗೆ ಅರಿವಾದ್ರ ಸಾಕು.” ಒಪ್ಪಿದರು. ನನ್ನ ಅಂಗಡಿಯಲ್ಲೇ ಕುಳಿತು ಹೇಳಿ ನೋಡಿದರು: “ಅವತ್ತು ಈ ವೇದಿಕೆಯ ಮೇಲೆ ನನ್ನ ಹೆಂಡತಿಗೆ ನಾನು ಮಾಡಿದ್ದು ತಪ್ಪು.” ಹೇಳುವ ಮೊದಲು ಚಹಾದ ಕಪ್ಪು ಕೆಳಗಿಟ್ಟರು. ನಿಜವಾದ ಮಾತು ಎಂದು ನಾನು ನಂಬಿದೆ. ವೈನಿಯನ್ನು ಒಪ್ಪಿಸಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಆ ಪ್ರದರ್ಶನದ ಮೇಲೆ ಪೆಟ್ಟಿಗೆ ಸೇರಿದ್ದ ಇಳಕಲ್ ಸೀರೆ ಅಂದು ಹೊರಬಂದಿತ್ತು.

ಶಾಲು, ಹಾರ, ಹಣ್ಣು ಎಲ್ಲ ಆದವು. ಮಾಸ್ತರರು ಮೈಕಿನ ಮುಂದೆ ನಿಂತು ಎಲ್ಲ ವಯಸ್ಸಿನವರಿಗೂ ಪುಸ್ತಕ ಹೇಳಿದರು. ಆಮೇಲೆ ಶಾಲು ಸರಿಮಾಡಿಕೊಂಡರು.

“ಅವತ್ತು ಈ ವೇದಿಕೆಯ ಮೇಲೆ ನನ್ನ ಹೆಂಡತಿಗೆ...”

ಅವರು ಸಭೆಯನ್ನು ನೋಡಿದರು. ಅಷ್ಟು ಜನ ಉಸಿರು ಹಿಡಿದು ಅವರ ಬಾಯನ್ನೇ ನೋಡುತ್ತಿದ್ದರು. ಅದು ಅವರಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ.

“...ನನ್ನ ಹೆಂಡತಿಗೆ ನಾನು ಮೊದಲ ಪಾಠ ಹೇಳಿದೆ. ನನ್ನ ಪುಸ್ತಕಗಳನ್ನೆಲ್ಲ ಓದಿ, ಅದರಂತೆ ಮನೆ ನಡೆಸಿದ ನನ್ನ ಅತ್ಯುತ್ತಮ ವಿದ್ಯಾರ್ಥಿನಿ ಆಕೆಯೇ. ಎದ್ದು ನಿಲ್ಲು. ಎಲ್ಲರೂ ಆಕೆಗೆ ಚಪ್ಪಾಳೆ ಕೊಡಿ.”

ಕೊಟ್ಟರು. ಬಹಳ ಹೊತ್ತು ಕೊಟ್ಟರು. ಇಷ್ಟು ವರ್ಷದ ಸೇಡನ್ನು ಆ ಮನುಷ್ಯ ಒಂದೇ ಉಸಿರಿನಲ್ಲಿ ತನ್ನ ಪದಕ ಮಾಡಿಕೊಂಡಿದ್ದ. ವೈನಿ ಏಳದೆ ಚಪ್ಪಾಳೆ ನಿಲ್ಲುವ ಲಕ್ಷಣವಿರಲಿಲ್ಲ. ಎದ್ದರು. ಕೈ ಮುಗಿದರು.

ಟ್ರ್ಯಾಕ್ಸ್ ಗಾಡಿಯಲ್ಲಿ ಬೈಲಹೊಂಗಲಕ್ಕೆ ತಿರುಗಿ ಬರುವಾಗ ಮಾಸ್ತರರು ಮುಂದೆ ಹಾರ ಹಾಕಿಕೊಂಡೇ ಕುಳಿತು ಡ್ರೈವರನ ವಯಸ್ಸು ಕೇಳುತ್ತಿದ್ದರು. ಹಿಂದೆ ಕುಳಿತ ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ವೈನಿಯೇ ಮೊದಲು ಮಾತಾಡಿದರು, ಮುಂದಿದ್ದ ಮಾಸ್ತರರಿಗೂ ಕೇಳುವಷ್ಟು ಗಟ್ಟಿಯಾಗಿ.

“ಸಾಹೇಬರ, ನಿಮ್ಮ ಚೌಕಾಸಿ ಎಲ್ಲಿ ಕೆಟ್ಟಿತು ಗೊತ್ತೈತೇನ್ರಿ? ಇವರಿಗೆ ಚಹಾ ಬೇಕಾಗೈತಿ ಅಂದ್ಕೊಂಡ್ರಿ ನೀವು. ಇವರಿಗೆ ಚಹಾ ಎಲ್ಲಿ ಬೇಕಾಗಿತ್ತರಿ, ಚಪ್ಪಾಳಿ ಬೇಕಾಗಿತ್ತು.”

ಮುಂದೆ ಕುಳಿತವರು ಹಾರದ ಹೂವು ಕೀಳುತ್ತ ಹೊರಗೆ ನೋಡಿದರು.

ಮರುವಾರ ನಾನು ಹುಬ್ಬಳ್ಳಿಯಿಂದ ವಾಯರಿನ ಸಿಂಬೆಗಳನ್ನು ತಂದು ವೈನಿಯ ಮುಂದಿಟ್ಟೆ. ಮೈಕು ಹಾಳಾಗಲಿ, ನೀವು ಹೆಣೆಯಿರಿ ಎಂದೆ. ಕೆಂಪು ವಾಯರು ತೆಗೆದುಕೊಂಡು ಮೊದಲ ಗಂಟು ಹಾಕಿದರು, ಬಿಚ್ಚಿಹೋಯಿತು. ಇನ್ನೊಮ್ಮೆ ಹಾಕಿದರು. ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಸಿಂಬೆಯನ್ನು ಮೊದಲಿದ್ದ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟರು. “ಕೈ ಮರ್ತಾವ್ರಿ ಸಾಹೇಬರ.”

ಆ ಸಂಜೆಯೇ ವೈನಿ ಬಜಾರಕ್ಕೆ ಹೋದರು. ಹಾಲು, ಚಹಾಪುಡಿ, ಸಾಬೂನು, ಶಾಂಪೂ ಪುಡಿಕೆ, ಎಲ್ಲ ತಂದರು. ಒಂದೊಂದು ಸಾಮಾನಿಗೆ ಒಂದೊಂದು ಕ್ಯಾರಿಬ್ಯಾಗು ಕೇಳಿ ತಂದರು. ಖಾಲಿಯಾದವನ್ನು ಮುಂಗೋಡೆಗೆ ಮೊಳೆ ಹೊಡೆದು, ಹಲಗೆಯ ಮೇಲೆಯೇ ತೂಗಹಾಕಿದರು. ದಿನಾ ಒಂದಷ್ಟು. ಗಾಳಿ ಬಿಟ್ಟರೆ ಗೋಡೆಯೆಲ್ಲ ಪಟಪಟ ಎನ್ನುತ್ತಿತ್ತು. ಹಾಲುಹಲ್ಲಿನವರಿಂದ ಊರುಗೋಲಿನವರ ತನಕ ಎಲ್ಲರ ಪುಸ್ತಕಗಳೂ ಅದರ ಹಿಂದೆ ಮುಚ್ಚಿಹೋದವು. ಮಾಸ್ತರರು ಒಂದು ದಿನ ತೆಗೆಯಲು ಹೋದರಂತೆ. ವೈನಿ ಹಾಲು ಹೆಚ್ಚು ಹಾಕಿದ ಚಹಾದ ಕಪ್ಪು ಕೈಯಲ್ಲಿ ಹಿಡಿದು, “ಇದನ್ನೂ ತಗದಬಿಡ್ಲೇನ್ರಿ?” ಎಂದರಂತೆ. ಅವರು ಕಪ್ಪು ತೆಗೆದುಕೊಂಡು ಕುಳಿತರು.

ಜನ ಬರುವುದು ನಿಂತಿತು. ಮನೆ ತೋರಿಸಲು ಯಾರೂ ಹುಡುಗರನ್ನು ಕರೆತರಲಿಲ್ಲ. ನನ್ನ ಅಂಗಡಿಯಲ್ಲೂ, “ಮಾಸ್ತರು ಹೇಳ್ಯಾರ” ಎಂದರೆ ಗಿರಾಕಿ ನಗುತ್ತಿದ್ದ. ಆ ಮಾತನ್ನು ಮಾರುವುದು ನಾನೂ ಬಿಟ್ಟೆ, ಓಡದ ಮಾಲು ಇಟ್ಟುಕೊಂಡು ಏನು ಮಾಡುವುದು. ಮಾಸ್ತರರು ಒಗೆದ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಸಾಲೆ ಬಿಟ್ಟ ಹುಡುಗರು ಹಾಯ್ದುಹೋಗುವಾಗ, “ಏ ತಮ್ಮಾ, ವಯಸ್ಸೆಷ್ಟು?” ಎಂದು ಕೇಳುತ್ತಿದ್ದರು. ಹುಡುಗರು ವಯಸ್ಸು ಹೇಳಿ ಓಡಿಹೋಗುತ್ತಿದ್ದವು. ಪುಸ್ತಕದ ಹೆಸರು ಕೇಳಲು ಯಾವುದೂ ನಿಲ್ಲುತ್ತಿರಲಿಲ್ಲ.

ಹಾಗೆ ಕೆಲವು ವರ್ಷ ಕುಳಿತು, ಕುಳಿತಲ್ಲೇ ಒಂದು ಸಂಜೆ ತೀರಿಕೊಂಡರು.

ಮಣ್ಣು ಕೊಡುವ ದಿನ, ದೊಡ್ಡವರಾದ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಶ್ರದ್ಧಾಂಜಲಿಯ ಬ್ಯಾನರು ಮಾಡಿಸಬೇಕೆಂದು ಅವರ ಆಸೆ. ಅಂಜುತ್ತ ವೈನಿಯನ್ನು ಕೇಳಿದರು, “ಅಮ್ಮಾರ, ಸರ್ ತತ್ವದವರು. ಅರಿವೀ ಮ್ಯಾಲ ಬರಸೂಣೇನ್ರಿ?”

“ಫ್ಲೆಕ್ಸ್ ಮಾಡಸ್ರಿ” ಎಂದರು ವೈನಿ. “ದೊಡ್ಡದ ಮಾಡಸ್ರಿ.”

ಮಾಡಿಸಿದರು. ಮನೆಯ ಎತ್ತರದ ಫ್ಲೆಕ್ಸಿನಲ್ಲಿ ಮಾಸ್ತರರು ಹಸಿರು ಗಿಡಗಳ ನಡುವೆ ನಿಂತು ನಗುತ್ತಿದ್ದರು, ಕೆಳಗೆ ಪರಿಸರಪ್ರೇಮಿ ಎಂದು ಬರೆದಿತ್ತು. ದಿವಸಗಳು ಮುಗಿದ ಮೇಲೆ ನಾನು ಮಾತಾಡಿಸಿಕೊಂಡು ಬರಲು ಹೋದೆ. ಮಳೆಗಾಲ ಹತ್ತಿರ ಬಂದಿತ್ತು. ಹಿತ್ತಲಲ್ಲಿ ವೈನಿ ಒಬ್ಬರೇ, ನೀರೊಲೆಗೆ ತಂದು ಒಟ್ಟಿದ ಹತ್ತಿಕಟ್ಟಿಗೆಯ ಬಣವೆಯ ಮೇಲೆ ಆ ಫ್ಲೆಕ್ಸ್ ಹೊದಿಸುತ್ತಿದ್ದರು. ನಾನೂ ಒಂದು ತುದಿ ಹಿಡಿದು ಎಳೆದೆ. ಮಾಸ್ತರರ ಮುಖ ಆಕಾಶದ ಕಡೆಗೆ ಬಂತು. ವೈನಿ ನಾಲ್ಕೂ ಮೂಲೆಗೆ ಕಲ್ಲು ಹೇರಿ, ಅಂಗೈಯಿಂದ ತಟ್ಟಿ ನೋಡಿದರು.

“ಇದು ಮಣ್ಣಾಗಾಕ ಎಷ್ಟ ದಿವಸ ಹಿಡೀತೈತ್ರಿ ಸಾಹೇಬರ?”

“ನಾವಿಬ್ರೂ ಹೋದ ಮ್ಯಾಲೂ ಇರತೈತ್ರಿ ವೈನಿ.”

“ಇರ್ಲಿ ಬಿಡ್ರಿ” ಎಂದು ಸೆರಗಿಗೆ ಕೈ ಒರೆಸಿಕೊಂಡರು. “ಹೆಸರ ಉಳೀಬೇಕಂತ ಅವರಿಗೆ ಭಾಳ ಆಸೆ ಇತ್ತು.”